ಇಂಗ್ಲೆಂಡಿನಲ್ಲಿ ಕೋರ್ಟು ಮಕ್ಕಳನ್ನು ತಂದೆತಾಯಿಯಿಂದ ಶಾಶ್ವತವಾಗಿ ದೂರ ಮಾಡುವುದು ಯಾವಾಗ?

ನಿಮ್ಮ ತಂಗಿಯ ಇಬ್ಬರು ಮಕ್ಕಳನ್ನು ಕೌನ್ಸಿಲ್‌ನವರು (ಸ್ಥಳೀಯ ಆಡಳಿತ) ಫಾಸ್ಟರ್ ಮನೆಗೆ, ಅಂದರೆ ತಾತ್ಕಾಲಿಕವಾಗಿ ನೋಡಿಕೊಳ್ಳುವ ಬೇರೆ ಕುಟುಂಬಕ್ಕೆ, ಕಳಿಸಿದ್ದಾರೆ, ಕೇಸು ಶುರುವಾಗಿದೆ, ಇನ್ನು ಮಕ್ಕಳು ಸಿಗುವುದೇ ಇಲ್ಲವೇ ಎಂದು ಕೇಳಿದ್ದೀರಿ. ಈಗ ಆಗಿರುವುದು ಮಧ್ಯಂತರ ಆದೇಶ, ಕೊನೆಯ ತೀರ್ಪಲ್ಲ. ಆದರೆ ಕೈಯಲ್ಲಿರುವ ಸಮಯ ಕಡಿಮೆ. ಕೇಸು 26 ವಾರದೊಳಗೆ ಮುಗಿಯಬೇಕೆನ್ನುತ್ತದೆ ಕಾನೂನು. ತೀರಾ ಅಗತ್ಯವಿದ್ದರೆ ಒಂದು ಸಲಕ್ಕೆ 8 ವಾರ ಹೆಚ್ಚಿಸಬಹುದು.

ಮೊದಲು ಕೌನ್ಸಿಲ್ 1989ರ ಚಿಲ್ಡ್ರನ್ ಆಕ್ಟ್‌ನ ಸೆಕ್ಷನ್ 31 ದಾಟಬೇಕು. ಮಗುವಿಗೆ ಗಂಭೀರ ಹಾನಿಯಾಗಿದೆ ಅಥವಾ ಆಗುವ ಸಂಭವವಿದೆ, ಅದಕ್ಕೆ ಕಾರಣ ಹೆತ್ತವರ ಆರೈಕೆಯ ಕೊರತೆ ಎಂದು ತೋರಿಸುವ ಹೊಣೆ ಕೌನ್ಸಿಲ್‌ನದೇ. ಮುಂದೆ ಹಾನಿಯಾದೀತು ಅನ್ನುವುದಕ್ಕೂ ಸಾಬೀತಾದ ಸಂಗತಿ ಬೇಕು, ಬರೀ ಅನುಮಾನ ಸಾಲದು. ಬಡತನ, ಇಕ್ಕಟ್ಟಿನ ಮನೆ, ಮಗುವಿಗೆ ಕೈತುತ್ತು ಕೊಡುವುದು, ಇಷ್ಟರಿಂದಲೇ ಈ ಹಂತ ದಾಟಲಾಗದು.

ನಮ್ಮವರು ಎಡವುವುದು ಇಲ್ಲೇ. ಗಂಡ ಹೆಂಡತಿಗೆ ಹೊಡೆದ ಕೇಸಿನಲ್ಲಿ ಇಬ್ಬರೂ ‘ಮಕ್ಕಳ ಮೈ ಮುಟ್ಟಿಲ್ಲವಲ್ಲ’ ಎಂದು ವಾದಿಸುತ್ತಾರೆ. 2002ರ ಕಾನೂನು ಹಾನಿಯ ವ್ಯಾಖ್ಯೆಯನ್ನೇ ವಿಸ್ತರಿಸಿದೆ: ಬೇರೊಬ್ಬರ ಮೇಲಾಗುವ ದೌರ್ಜನ್ಯವನ್ನು ಮಗು ನೋಡಿದರೂ, ಪಕ್ಕದ ಕೋಣೆಯಿಂದ ಕೇಳಿದರೂ ಅದು ಹಾನಿಯೇ. ಪೊಲೀಸ್ ದಾಖಲೆ, ಆಸ್ಪತ್ರೆಯ ಟಿಪ್ಪಣಿ, ಶಾಲೆಯ ವರದಿ ಎಲ್ಲ ಫೈಲಿನಲ್ಲಿರುವಾಗ ‘ಏನೂ ಆಗಿಲ್ಲ’ ಅಂದರೆ, ಇವರು ಬದಲಾಗುವುದಿಲ್ಲ ಎಂದು ಸೋಷಿಯಲ್ ವರ್ಕರ್ ಬರೆಯುತ್ತಾರೆ. ಆಗಿರುವುದನ್ನು ಒಪ್ಪಿ, ಏನು ಬದಲಾಗಿದೆ ಎಂದು ದಾಖಲೆ ಸಮೇತ ತೋರಿಸುವುದೇ ಮೇಲು. ಆಗಿಲ್ಲದ್ದನ್ನು ಮಾತ್ರ ಯಾರ ಒತ್ತಾಯಕ್ಕೂ ಒಪ್ಪಬಾರದು.

ಈ ಹಂತ ದಾಟಿತೆಂದರೆ ಮಕ್ಕಳು ಕೈತಪ್ಪಿದರು ಅಂತಲ್ಲ. ಮಗುವಿನ ಹಿತಕ್ಕೆ ಯಾವ ಆದೇಶ ಎಂಬುದು ಬೇರೆಯೇ ಪ್ರಶ್ನೆ. ಮೇಲ್ವಿಚಾರಣೆಯಲ್ಲಿ ಮನೆಗೆ ಮರಳಿಸುವುದು, ಸ್ಪೆಷಲ್ ಗಾರ್ಡಿಯನ್‌ಶಿಪ್‌ ಮೂಲಕ ಬಂಧುವಿಗೆ ಒಪ್ಪಿಸುವುದು, ಕೇರ್ ಆರ್ಡರ್ (ಮಗುವಿನ ಹೊಣೆಯನ್ನು ಕೌನ್ಸಿಲ್‌ಗೂ ಕೊಡುವ ಆದೇಶ) ಮಾಡಿ ಫಾಸ್ಟರ್ ಮನೆಯಲ್ಲಿಡುವುದು, ದತ್ತು, ಇಷ್ಟೂ ದಾರಿಗಳ ಒಳಿತು ಕೆಡುಕನ್ನು ನ್ಯಾಯಾಧೀಶರು ಒಟ್ಟಿಗೆ ತೂಗಬೇಕು. ಕೇರ್ ಆರ್ಡರ್ ಆದರೂ ಅದನ್ನು ತೆಗೆಸಲು ಮುಂದೆ ಅರ್ಜಿ ಹಾಕಬಹುದು. ಹೆತ್ತವರ ಹಕ್ಕನ್ನು ಕಡಿದುಹಾಕುವುದು ದತ್ತು. ಬೇರೇನೂ ದಾರಿ ಉಳಿಯದಿದ್ದಾಗ ಮಾತ್ರ ಅದು ಎಂದು 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಹಾಗಾಗಿ ಬಂಧುಗಳ ಹೆಸರನ್ನು ಮೊದಲ ವಿಚಾರಣೆಗೇ ಬರವಣಿಗೆಯಲ್ಲಿ ಕೊಡಿಸಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಆ ಬಂಧುಗಳ ಬಗ್ಗೆ ಮೊದಲು ಚಿಕ್ಕ ಪರಿಶೀಲನೆ, ಪಾಸಾದರೆ ಪೂರ್ಣ ವರದಿ. ಎರಡಕ್ಕೂ ವಾರಗಟ್ಟಲೆ ಹಿಡಿಯುತ್ತದೆ. ಅಜ್ಜಿ ದಾವಣಗೆರೆಯಲ್ಲಿದ್ದರೆ ಪರಿಶೀಲಿಸುವವರು ಇಲ್ಲಿಗೇ ಬಂದು ಮನೆ ನೋಡಬೇಕು, ಪೊಲೀಸ್ ಪರಿಶೀಲನೆ ಆಗಬೇಕು. ಮಕ್ಕಳ ಕುರಿತ ಆದೇಶಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ 1996ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲವಾದ್ದರಿಂದ ಇಂಗ್ಲೆಂಡಿನ ಆದೇಶ ಇಲ್ಲಿ ತಾನಾಗಿ ನಡೆಯುವುದಿಲ್ಲ. ಅದಕ್ಕೂ ವಕೀಲರ ಸಲಹೆ ಬೇಕು. 20ನೇ ವಾರದಲ್ಲಿ ಅಜ್ಜಿಯ ಹೆಸರು ಹೇಳಿದರೆ ಮಗು ಅಷ್ಟು ಕಾಯಲಾಗದು ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು.

ವಕೀಲರಿಗೆ ದುಡ್ಡಿಲ್ಲ ಎಂದು ಹಿಂಜರಿಯುವುದು ಬೇಡ. ಕೇರ್ ಕೇಸಿನಲ್ಲಿ ಹೆತ್ತವರಿಗೆ ಆದಾಯ ನೋಡದೆ ಲೀಗಲ್ ಏಯ್ಡ್ (ಸರ್ಕಾರದ ಖರ್ಚಿನಲ್ಲಿ ವಕೀಲರ ನೆರವು) ಸಿಗುತ್ತದೆ. ತಂಗಿಗೆ ಇಂಗ್ಲಿಷ್ ತಡವರಿಸಿದರೆ ಕನ್ನಡದ ದುಭಾಷಿಯನ್ನೇ ಕೇಳಲಿ, ಹಿಂದಿಯವರು ಸಾಕು ಎಂದು ಒಪ್ಪುವುದು ಬೇಡ. ಗಂಡನೋ ಮೈದುನನೋ ಅನುವಾದ ಮಾಡುವುದಂತೂ ಬೇಡವೇ ಬೇಡ. ಮಕ್ಕಳ ಪರವಾಗಿ ಕಾಫ್‌ಕ್ಯಾಸ್ ಸಂಸ್ಥೆಯ ಗಾರ್ಡಿಯನ್ (ಕೋರ್ಟಿನಲ್ಲಿ ಮಕ್ಕಳ ಹಿತ ನೋಡುವ ಪ್ರತಿನಿಧಿ) ಇರುತ್ತಾರೆ. ಅವರ ಅಭಿಪ್ರಾಯಕ್ಕೆ ಕೋರ್ಟಿನಲ್ಲಿ ತೂಕ ಹೆಚ್ಚು, ಅವರ ಕರೆ ತಪ್ಪಿಸಬಾರದು.

ತೀರ್ಪು ವಿರುದ್ಧ ಬಂದರೆ ಮೇಲ್ಮನವಿಗೆ ಸಾಮಾನ್ಯವಾಗಿ 21 ದಿನ, ಅದಕ್ಕೂ ಅನುಮತಿ ಬೇಕು. ದತ್ತಿಗೆ ಕಳಿಸುವ ಪ್ಲೇಸ್‌ಮೆಂಟ್ ಆರ್ಡರ್ ಆಗಿದ್ದರೆ ಅದರ ರದ್ದತಿಗೆ ಹೆತ್ತವರು, ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಿ ಕೋರ್ಟಿನ ಅನುಮತಿ ಪಡೆಯಬಹುದು. ಮಗು ದತ್ತು ಕುಟುಂಬದ ಮನೆ ಸೇರಿದ ಮೇಲೆ ಆ ಬಾಗಿಲೂ ಮುಚ್ಚುತ್ತದೆ.