ಏಳನೇ ತರಗತಿ ಮಕ್ಕಳಿಗೆ ವಾದ ಮಾಡಿ ಬರೆಯುವ ಪದಗಳನ್ನು ಕಲಿಸೋದು ಹೇಗೆ?

ನೀವು ಕೇಳಿದ್ದು ಇಷ್ಟು: ಏಳನೇ ತರಗತಿ ಮಕ್ಕಳು ಯಾವ ವಿಷಯ ಕೊಟ್ಟರೂ "ಇದು ಒಳ್ಳೆಯದು, ಇದು ಕೆಟ್ಟದ್ದು" ಅಂತ ಎರಡು ಸಾಲು ಗೀಚಿ ಪೆನ್ನು ಇಡುತ್ತಾರೆ, ವಾದ ಮಾಡಿ ಬರೆಯಲು ಬೇಕಾದ ಪದಗಳ ಪಟ್ಟಿ ಇದೆಯಾ? ನನ್ನ ಹತ್ತಿರ ಇತ್ತು. ಹರಿದು ಹಾಕಿದೆ.

ಬಾಗಲಕೋಟೆ ಜಿಲ್ಲೆಯ ಮುಧೋಳ ಕಡೆ ಒಂದು ಶಾಲೆಯಲ್ಲಿ 6ರಿಂದ 8ರವರೆಗೆ ಕನ್ನಡ ಕಲಿಸುತ್ತೇನೆ. ಮೊದಲ ವರ್ಷ ಆದ್ದರಿಂದ, ಆದಾಗ್ಯೂ, ಅಷ್ಟೇ ಅಲ್ಲದೆ ಅಂತ 30 ಪದ ಡ್ರಾಯಿಂಗ್ ಶೀಟ್ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೆ. ಎಲ್ಲರಿಗೂ ಬಾಯಿಪಾಠ ಆಯಿತು. ಆಮೇಲೆ ಒಬ್ಬ ಹುಡುಗ ಬರೆದ: "ಗಿಡಗಳು ನೆರಳು ಕೊಡುತ್ತವೆ. ಆದಾಗ್ಯೂ ನಾವು ಗಿಡ ಬೆಳೆಸಬೇಕು." ತಪ್ಪು ಅವನದಲ್ಲ. ಅವನ ಓಣಿಯಲ್ಲಿ ಯಾರೂ ಜಗಳದಲ್ಲಿ 'ಆದಾಗ್ಯೂ' ಅನ್ನೋದಿಲ್ಲ, ಅಲ್ವಾ?

ಅದೇ ಹುಡುಗ ಮೈದಾನದಲ್ಲಿ ಕಬಡ್ಡಿ ಜಗಳಕ್ಕೆ ನಿಂತರೆ ವಕೀಲನೇ. "ಖರೇ, ನನ್ನ ಕಾಲು ಗೆರಿ ದಾಟಿತ್ತು. ಹಂಗಂತ ನೀ ಈಗ ಹೇಳ್ತೀಯೇನು? ಆಗ ಯಾಕ ಸುಮ್ನಿದ್ದಿ?" ಒಪ್ಪಿಕೊಂಡ, ಅದರ ಬೆನ್ನಿಗೇ ತಿರುಗಿ ಹಾಕಿದ. ಇದಕ್ಕಿಂತ ಇನ್ನೇನು ಕಲಿಸಬೇಕು! ಪದ ಬಾಯಲ್ಲಿದೆ, ಪೆನ್ನು ಹಿಡಿದ ಕೂಡಲೇ ನುಂಗಿಬಿಡುತ್ತಾರೆ. ಹಾಗಾಗಿ ಈಗ ಬೋರ್ಡಿನ ಎಡಕ್ಕೆ ಅವರ ಮಾತು, ಬಲಕ್ಕೆ ಬರವಣಿಗೆಯ ಮಾತು ಬರೆಯುತ್ತೇನೆ. ಯಾಕಂದ್ರ – ಏಕೆಂದರೆ. ಅದಕ್ಕ – ಆದ್ದರಿಂದ. ಖರೇ, ಆದ್ರ – ನಿಜ, ಆದರೂ. ಹಂಗಂತ – ಹಾಗೆಂದ ಮಾತ್ರಕ್ಕೆ. ಎಡಗಡೆಯದನ್ನು ಮಕ್ಕಳೇ ಹೇಳಬೇಕು. ವಾರಕ್ಕೆ ಮೂರು ಜೋಡಿ ಸಾಕು.

ವಿಷಯ ಮಾತ್ರ ಅವರ ಮೈಗೆ ತಾಗುವಂತಿರಬೇಕು. 'ವಿಜ್ಞಾನ ವರವೋ ಶಾಪವೋ' ಕೊಟ್ಟರೆ ಗೈಡಿನಿಂದ ಇಳಿಸುತ್ತಾರೆ. ನಮ್ಮಲ್ಲಿ ಕಬ್ಬಿನ ಸೀಸನ್ ಶುರುವಾದರೆ ಶಾಲೆ ಮುಂದೆ ಟ್ರ್ಯಾಕ್ಟರ್‌ಗಳ ಸಾಲು. ಪ್ರತಿಯೊಂದರಲ್ಲೂ ಎದೆ ನಡುಗಿಸುವ ಹಾಡು. ಹೋದ ಸಲ ಅದನ್ನೇ ಕೊಟ್ಟೆ: ಶಾಲೆ ಮುಂದೆ ಹಾಡು ನಿಲ್ಲಿಸಬೇಕೋ ಬೇಡವೋ? ತರಗತಿಯಲ್ಲಿ ಮೂವರು ಟ್ರ್ಯಾಕ್ಟರ್ ಡ್ರೈವರ್‌ಗಳ ಮಕ್ಕಳು. ಕಾವು ಏರಿತು.

ಕೂಗಾಟ ಆಗಬಾರದಲ್ಲ. ಅದಕ್ಕೆ ಹರದೇಶಿ–ನಾಗೇಶಿ ನಿಯಮ ತಂದೆ. ನಮ್ಮ ಕಡೆ ಜಾತ್ರೆಯಲ್ಲಿ ಹರದೇಶಿಯವರು ಗಂಡು ಹೆಚ್ಚು ಅಂತ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ದಪ್ಪು, ತುಂತುಣಿ ಹಿಡಿದು ಬೆಳಗಿನವರೆಗೆ ಸವಾಲು–ಜವಾಬು ಹಾಡುತ್ತಾರೆ. ಮಕ್ಕಳು ನೋಡಿರುತ್ತಾರೆ. ನನ್ನ ನಿಯಮ ಇಷ್ಟೇ: ಎದುರಿನವರ ಮಾತನ್ನು ಒಮ್ಮೆ ತಿರುಗಿ ಹೇಳಿ, ಜವಾಬು ಕೊಟ್ಟ ಮೇಲೇ ನಿನ್ನ ಸವಾಲು. 'ನೀವು ಹೇಳುವಂತೆ', 'ಅದನ್ನು ಒಪ್ಪುತ್ತೇನೆ, ಆದರೆ' ಎಂಬ ಮಾತುಗಳ ಅವಶ್ಯಕತೆ ಆಗ ತಾನಾಗೇ ಬರುತ್ತದೆ.

ಒಬ್ಬಳು ಎದ್ದು, "ಎಲ್ಲಾ ಟ್ರ್ಯಾಕ್ಟರ್‌ನವರೂ ಜೋರ್ ಹಾಡು ಹಚ್ತಾರ್ರಿ ಅಕ್ಕೋರ" ಅಂದಳು. ಎಲ್ಲರೂ? ಕಿಟಕಿ ಹತ್ತಿರ ಇಬ್ಬರನ್ನು ಎಣಿಸಲು ಕೂರಿಸಿದೆ. ಒಂದು ಪೀರಿಯಡ್‌ನಲ್ಲಿ 11 ಹೋದವು, 7ರಲ್ಲಿ ಹಾಡಿತ್ತು. ಅವಳೇ ನೋಟ್‌ಬುಕ್‌ನಲ್ಲಿ 'ಎಲ್ಲರೂ' ಹೊಡೆದು 'ಹೆಚ್ಚಿನವರು' ಅಂತ ಬರೆದಳು. ನಾನು ವಿವರಿಸಿ ಕಲಿಸಿದ್ದರೆ ಮರುದಿನ ಮರೆಯುತ್ತಿದ್ದಳು.

ಇನ್ನು ಕನ್ನಡದಲ್ಲಿ ವಾದದ ಬಲ ದೊಡ್ಡ ಪದಗಳಲ್ಲಿಲ್ಲ, ಬಾಲದಲ್ಲಿದೆ. ಇದನ್ನು ಯಾಕೋ ಯಾರೂ ಜಾಸ್ತಿ ಕಲಿಸೋದಿಲ್ಲ. ನಿಲ್ಲಿಸಬಹುದು, ನಿಲ್ಲಿಸಬೇಕು, ನಿಲ್ಲಿಸಲೇಬೇಕು: ಮೂರೂ ಬೇರೆ ಬೇರೆ ತೂಕ. 'ಹಾಡು ನಿಲ್ಲಿಸಿ' ಬೇರೆ, 'ಹಾಡನ್ನೂ ನಿಲ್ಲಿಸಿ' ಬೇರೆ. 'ಹಾಡನ್ನೂ' ಅಂದರೆ ಇನ್ನೇನನ್ನೋ ಮೊದಲೇ ನಿಲ್ಲಿಸು ಅಂದ ಹಾಗಾಯಿತು. ಒಂದೇ ವಾಕ್ಯ ಕೊಟ್ಟು ಬಾಲ ಬದಲಿಸಲು ಹೇಳಿ, ಅರ್ಧ ಗಂಟೆ ಹೋಗಿದ್ದೇ ಗೊತ್ತಾಗೋದಿಲ್ಲ. 'ಅಂತೆ' ಕೂಡ ಹಾಗೇ. "ಹಾಡಿನಿಂದ ಕಿವಿ ಕೆಡುತ್ತದಂತೆ" ಅಂತ ಬರೆದರೆ, ಯಾರು ಹೇಳಿದರು ಅಂತ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಕೇಳುತ್ತೇನೆ. 'ಡಾಕ್ಟರ್ ಹೇಳಿದರು', 'ನಾನೇ ನೋಡಿದೆ', 'ಲೆಕ್ಕ ಹಾಕಿದೆವು' ಅಂತ ತಿದ್ದಿ ತರಬೇಕು. ಯಾರೂ ಸಿಗದಿದ್ದರೆ ಆ ಸಾಲು ತೆಗೆಯಬೇಕು.

ಕೊನೆಗೆ ಡ್ರೈವರ್‌ಗಳಿಗೆ ಒಂದು ಮನವಿ ಪತ್ರ ಬರೆಯಿಸಿದೆ. ಅದಕ್ಕೂ ಮೊದಲು ಡ್ರೈವರ್ ಮಗನೊಬ್ಬ, "ಹಾಡು ಇಲ್ಲಂದ್ರ ರಾತ್ರಿ ನಮ್ಮಪ್ಪಗ ನಿದ್ದಿ ಬರ್ತೈತ್ರಿ" ಅಂದಿದ್ದ. ಅವನ ಮಾತನ್ನು ಬಿಡಬಾರದು ಅಂದಿದ್ದೆ. ಒಬ್ಬ ಹುಡುಗಿ ಬರೆದದ್ದು ಹೀಗಿತ್ತು: "ರಾತ್ರಿ ನಿದ್ದೆ ಬರಬಾರದೆಂದು ನೀವು ಹಾಡು ಹಾಕುತ್ತೀರಿ, ನಿಜ. ಹಾಗೆಂದ ಮಾತ್ರಕ್ಕೆ ಹಗಲು ಶಾಲೆಯ ಮುಂದೆಯೂ ಹಾಕಲೇಬೇಕೇ?" ಇದರಲ್ಲಿ ನನ್ನ ಹಳೆಯ ಪಟ್ಟಿಯ ಪದ ಒಂದೂ ಇಲ್ಲ.

ಮೊದಲ ತಿಂಗಳು ಕಾಗುಣಿತ ತಿದ್ದಬೇಡಿ, ವಾದ ಮಾತ್ರ ನೋಡಿ. 'ಆದಾಗ್ಯೂ' ಅನ್ನು ನಾನು ಎಂಟನೇ ತರಗತಿಗೆ ಅಂತ ಎತ್ತಿಟ್ಟಿದ್ದೇನೆ.