ಆ ಕಿಟಕಿ ಯಾರು ಹಾಕಿದ್ದು?

ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಜಲವರ್ಣ ಕಲಾವಿದೆ ಹೆಲೆನ್ ಅಲಿಂಗಮ್ ಬಗ್ಗೆ ನಾಲ್ಕು ಪುಟ ಹಾಕಿದ್ದೆವು. ಅದನ್ನು ಓದಿ ಅರಸೀಕೆರೆಯಿಂದ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಖಾರವಾಗಿಯೇ ಬರೆದಿದ್ದಾರೆ. ಹುಲ್ಲಿನ ಸೂರು, ಹೂವಿನ ಗಿಡ, ಮಗು ಎತ್ತಿಕೊಂಡ ಹೆಂಗಸು, ಇದೆಲ್ಲ ಬಿಸ್ಕತ್ತು ಡಬ್ಬಿಯ ಚಿತ್ರ, ಬಡತನ ಮುಚ್ಚಿಡುವ ಸುಳ್ಳು ಎಂಬುದು ಅವರ ತಕರಾರು. ಗಂಡ ಕವಿ, ದೊಡ್ಡವರ ಸ್ನೇಹ, ಹಾಗಾಗಿ ಹೆಸರು ಬಂತು ಅಂತಲೂ ಹೇಳಿದ್ದಾರೆ. ಜೊತೆಗೆ ನಮ್ಮದೊಂದು ತಪ್ಪನ್ನೂ ಹಿಡಿದಿದ್ದಾರೆ.

ಮೇಷ್ಟ್ರೇ, ಮೊದಲು ತಪ್ಪಿನ ವಿಷಯ. ಲಂಡನ್ನಿನ ರಾಯಲ್ ಅಕಾಡೆಮಿಯ ಕಲಾಶಾಲೆಗೆ ಸೇರಿದ ಮೊದಲ ಹೆಂಗಸು ಹೆಲೆನ್ ಅಂತ ಅಚ್ಚಾಗಿದೆ. ಅಲ್ಲ. ಅದು ಅವರ ಚಿಕ್ಕಮ್ಮ ಲಾರಾ ಹರ್ಫರ್ಡ್, 1860ರಲ್ಲಿ. ಚಿತ್ರಗಳಿಗೆ ಪೂರ್ತಿ ಹೆಸರು ಹಾಕದೆ ಬರೀ ಇನಿಶಿಯಲ್ ಹಾಕಿ ಕಳಿಸಿದ್ದರಂತೆ, ಗಂಡಸೇ ಇರಬೇಕು ಅಂದುಕೊಂಡು ಸೀಟು ಕೊಟ್ಟುಬಿಟ್ಟರು, ಆಮೇಲೆ ನೋಡಿದರೆ ಹೆಂಗಸರು ಬರಬಾರದು ಅಂತ ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ! ಹೆಲೆನ್ ಅದೇ ಬಾಗಿಲಿನಿಂದ 1867ರಲ್ಲಿ ಒಳಗೆ ಹೋದವರು. ಬಾಗಿಲು ತೆರೆದಿತ್ತು ಅಷ್ಟೇ, ನಗ್ನ ಮಾದರಿ ಇಟ್ಟುಕೊಂಡು ಕಲಿಸುವ ತರಗತಿ ಹೆಂಗಸರಿಗೆ ಇರಲಿಲ್ಲ.

ಗಂಡನಿಂದ ಹೆಸರು ಬಂತು ಅನ್ನುವುದನ್ನು ಮಾತ್ರ ನಾನು ಒಪ್ಪಲ್ಲ. ಹೆಲೆನ್ ಪ್ಯಾಟರ್ಸನ್ ಹುಟ್ಟಿದ್ದು 1848ರಲ್ಲಿ, ಡಾರ್ಬಿಶೈರಿನಲ್ಲಿ. ಅಪ್ಪ ಡಾಕ್ಟರು. 1862ರಲ್ಲಿ ಡಿಫ್ತೀರಿಯಾ ಹರಡಿದಾಗ ರೋಗಿಗಳನ್ನು ನೋಡಲು ಹೋಗಿ ಅದಕ್ಕೇ ಬಲಿಯಾದರು, ಒಬ್ಬಳು ಮಗಳೂ ಹೋದಳು. ಹೆಲೆನ್‌ಗೆ ಆಗ ಹದಿಮೂರು. ಇಪ್ಪತ್ತೆರಡು ತುಂಬುವ ಮೊದಲೇ ಆಕೆ ಗ್ರಾಫಿಕ್ ಪತ್ರಿಕೆಗೆ ಚಿತ್ರ ಬರೆದು ದುಡಿಯುತ್ತಿದ್ದರು. 1874ರಲ್ಲಿ ಥಾಮಸ್ ಹಾರ್ಡಿಯ ಕಾದಂಬರಿ ‘ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್’ ಕಾರ್ನ್‌ಹಿಲ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಚಿತ್ರಗಳು ಇವರವೇ. ಆ ವರ್ಷ ಆಗಸ್ಟಿನಲ್ಲಿ ಐರ್ಲೆಂಡಿನ ಕವಿ ವಿಲಿಯಂ ಅಲಿಂಗಮ್ ಜೊತೆ ಮದುವೆ. ಹುಡುಗಿಗೆ ಇಪ್ಪತ್ತೈದು, ವರನಿಗೆ ಐವತ್ತು. ಮುಂದಿನ ತಿಂಗಳೇ ಹಾರ್ಡಿಗೂ ಬೇರೆಯವರ ಜೊತೆ ಮದುವೆಯಾಯಿತು. ಎಷ್ಟೋ ವರ್ಷದ ಮೇಲೆ ಹಾರ್ಡಿ ‘ಎಚ್.ಪಿ.ಗೆ’, ಅಂದರೆ ಹೆಲೆನ್ ಪ್ಯಾಟರ್ಸನ್‌ಗೆ, ಅಂತ ಬರೆದು, ಕೈತಪ್ಪಿದ ಅವಕಾಶದ ಬಗ್ಗೆ ಒಂದು ಪದ್ಯ ಮಾಡಿದ! ಅದು ಬೇರೆ ಕಥೆ, ಬಿಡಿ.

ಮದುವೆಯಿಂದ ಅನುಕೂಲವಾಗಲಿಲ್ಲ ಅಂತಲ್ಲ. ಪತ್ರಿಕೆಗಳ ಗಡುವಿನ ಕಾಟ ತಪ್ಪಿತು, ಜಲವರ್ಣಕ್ಕೆ ಪುರುಸೊತ್ತು ಸಿಕ್ಕಿತು. ಲಂಡನ್ನಿನ ಚೆಲ್ಸೀಯಲ್ಲಿ ಲೇಖಕ ಥಾಮಸ್ ಕಾರ್ಲೈಲ್ ಪಕ್ಕದವರು, ಆ ಮುದುಕನನ್ನೇ ಕೂರಿಸಿಕೊಂಡು ಎಷ್ಟೋ ಚಿತ್ರ ಬರೆದರು. ಆದರೆ ವಿಲಿಯಂ 1889ರಲ್ಲಿ ತೀರಿಹೋದ ಮೇಲೆ ಮೂರು ಮಕ್ಕಳನ್ನು ಸಾಕಿದ್ದು ಅವರ ಪದ್ಯಗಳಲ್ಲ, ಇವರ ಕುಂಚ. ರಾಯಲ್ ವಾಟರ್‌ಕಲರ್ ಸೊಸೈಟಿ ಮೊದಲ ಬಾರಿಗೆ ಒಬ್ಬ ಹೆಂಗಸನ್ನು ಪೂರ್ಣ ಸದಸ್ಯೆ ಮಾಡಿಕೊಂಡದ್ದು 1890ರಲ್ಲಿ. ಅದು ಇವರನ್ನೇ. ಗಂಡ ಇಲ್ಲದ ಮೇಲೆ, ಅಲ್ವಾ?

ಇನ್ನು ಬಿಸ್ಕತ್ತು ಡಬ್ಬಿ. ಅದರಲ್ಲಿ ಅರ್ಧ ತಪ್ಪು ನಮ್ಮ ಅಚ್ಚಿನದು. ಹಸಿರು ಜಾಸ್ತಿಯಾಗಿ ಹುಲ್ಲೆಲ್ಲ ಪ್ಲಾಸ್ಟಿಕ್ ಥರ ಕಂಡಿದೆ, ನನಗೇ ನಾಚಿಕೆಯಾಯಿತು. ಮೂಲದಲ್ಲಿ ಹಾಗಿಲ್ಲ. ನಿಮಗೆ ಗೊತ್ತೇ ಇದೆ, ಜಲವರ್ಣದಲ್ಲಿ ಬಿಳಿ ಅಂದರೆ ಕಾಗದವೇ. ಆ ಕಾಲದ ಎಷ್ಟೋ ಜನ ಮಂದವಾದ ಬಿಳಿ ಬಣ್ಣ ಮೆತ್ತಿ ಕೆಲಸ ಮುಗಿಸುತ್ತಿದ್ದರು. ಹೆಲೆನ್ ಮೊದಲು ಬಣ್ಣ ಹಾಕಿ, ಒಣಗಿದ ಮೇಲೆ ಚಾಕುವಿನ ಮೊನೆಯಿಂದ ಕೆರೆದು, ಸ್ಪಂಜಿನಿಂದ ಒರೆಸಿ, ಕೆಳಗಿನ ಕಾಗದವನ್ನು ಮತ್ತೆ ಹೊರಗೆ ತರುತ್ತಿದ್ದರು. ಬೇಲಿಯ ಹೂವು, ಹೆಂಚಿನ ಅಂಚಿನ ಬಿಸಿಲು, ಹೆಂಗಸಿನ ಏಪ್ರನ್ನಿನ ಮಡಿಕೆ, ಎಲ್ಲ ಹೀಗೇ ಕೆರೆದು ತೆಗೆದದ್ದು. ಕಾಗದ ಹರಿಯದ ಹಾಗೆ ಅಷ್ಟು ಕೆರೆಯಲು ಎಂಥ ಕೈ ಬೇಕು ಅಂತ ನಿಮಗೆ ನಾನು ಹೇಳಬೇಕಾ!

ಸುಳ್ಳು ಅಂದಿರಲ್ಲ, ಅಲ್ಲಿ ನೀವು ಮುಕ್ಕಾಲು ಸರಿ. 1881ರಲ್ಲಿ ಈ ಕುಟುಂಬ ಸರ್ರೆ ಕೌಂಟಿಯ ವಿಟ್ಲಿ ಹತ್ತಿರದ ಸ್ಯಾಂಡ್‌ಹಿಲ್ಸ್‌ಗೆ ಹೋಯಿತು. ಬೇಸಾಯ ಕುಸಿದಿದ್ದ ಕಾಲ, ಕೂಲಿಯವರ ಮನೆಗಳು ಸೋರುತ್ತಿದ್ದವು. ಆ ಸೋರಿಕೆ, ಹಸಿವು ಇವರ ಚಿತ್ರದಲ್ಲಿ ಕಾಣಲ್ಲ, ನಿಜ. ಆದರೆ ಇನ್ನೊಂದು ಕಾಣುತ್ತದೆ. ರೈಲು ಬಂದ ಮೇಲೆ ಲಂಡನ್ನಿನ ದುಡ್ಡಿನವರು ಇಂಥ ಹಳೇ ಮನೆಗಳನ್ನು ಕೊಂಡು ರಿಪೇರಿ ಮಾಡಿಸತೊಡಗಿದರು, ಕೆಲವನ್ನು ಕೆಡವಿಯೂ ಹಾಕಿದರು. ಆ ದುಡ್ಡಿನವರಿಗಿಂತ ಮುಂಚೆ ಹೆಲೆನ್ ಹೋಗಿ ಮನೆ ಎದುರಿಗೇ ಕೂತು ಬರೆದರು. ಬರೆದು ಕೆಲವೇ ತಿಂಗಳಲ್ಲಿ, 1886ರಲ್ಲಿ ಆ ಚಿತ್ರಗಳ ಪ್ರದರ್ಶನದ ಹೊತ್ತಿಗೇ, ಅವುಗಳಲ್ಲಿ ಕೆಲವು ಮನೆ ಇರಲೇ ಇಲ್ಲ. ಕೆಲವು ಕಡೆ ಇವರು ಹೋಗುವಷ್ಟರಲ್ಲಿ ಮಾಲೀಕ ಹೊಸ ಕಿಟಕಿ ಕೂರಿಸಿ ಆಗಿರುತ್ತಿತ್ತು. ಆಗ ಚಿತ್ರದಲ್ಲಿ ಅದನ್ನು ಕಿತ್ತು, ಸೀಸದ ಪಟ್ಟಿಯ ಸಣ್ಣ ಸಣ್ಣ ಗಾಜಿನ ಹಳೇ ಕಿಟಕಿಯನ್ನೇ ವಾಪಸ್ ಹಾಕುತ್ತಿದ್ದರು.

ಇದನ್ನು ಸುಳ್ಳು ಅನ್ನಿ, ದಾಖಲೆ ಅನ್ನಿ. ನನಗೆ ಎರಡೂ ಅನ್ನಿಸುತ್ತದೆ, ಅದಕ್ಕೇ ಆ ನಾಲ್ಕು ಪುಟ ಕೊಟ್ಟದ್ದು. ಬರೀ ಚಂದಕ್ಕೆ ಬರೆಯುವವರು ಸುಮ್ನೆ ಇನ್ನೆರಡು ಗುಲಾಬಿ ಹಾಕಿ ಎದ್ದುಬಿಡುತ್ತಾರೆ, ಕಿಟಕಿ ಯಾವ ಕಾಲದ್ದು ಅಂತ ತಲೆ ಕೆಡಿಸಿಕೊಳ್ಳಲ್ಲ. ಇವರು 1926ರಲ್ಲಿ ತೀರಿಹೋದರು, ಅದೇ ಸರ್ರೆಯ ಹ್ಯಾಸಲ್‌ಮಿಯರ್‌ನಲ್ಲಿ.

ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಅದರ ಜೊತೆ ಒಂದು ಚಿತ್ರವನ್ನು ಒಳ್ಳೆ ಕಾಗದದ ಮೇಲೆ ಮತ್ತೆ ಅಚ್ಚು ಹಾಕಿಸುತ್ತಿದ್ದೇವೆ. ಭೂತಗನ್ನಡಿ ಇದ್ದರೆ ಕಿಟಕಿಯ ಹತ್ತಿರ ಹಿಡಿದು ನೋಡಿ, ಮೇಷ್ಟ್ರೇ. ನೋಡಿದ ಮೇಲೂ ಬೈಯಬೇಕು ಅನ್ನಿಸಿದರೆ ಬರೆಯಿರಿ, ಹಾಕುತ್ತೇನೆ.

– ಸಂ.