ಬಳ್ಳಾರಿ–ರಾಯಚೂರು ಕಡೆಯವರು ಡ್ರಮ್ಸ್ ನುಡಿಸಿಯೇ ಬದುಕೋಕೆ ಆಗುತ್ತಾ?

ನಿಮ್ಮ ಪ್ರಶ್ನೆ ಓದಿದೆ. ಊರು ಸಿಂಧನೂರು, ವಯಸ್ಸು 21, ಡಿಗ್ರಿ ಕೊನೇ ವರ್ಷ. ಮೂರು ವರ್ಷದಿಂದ ಡ್ರಮ್ಸ್ ಕಲಿಯುತ್ತಿದ್ದೀರಿ. ಗಾಯಕರ ಜೊತೆ ಊರೂರು ತಿರುಗಿ ನುಡಿಸಬೇಕು, ಸ್ಟುಡಿಯೋದಲ್ಲೂ ನುಡಿಸಬೇಕು ಅಂತ ಆಸೆ. ಇದರಿಂದ ಮನೆ ನಡೆಯುತ್ತಾ, ಬೆಂಗಳೂರಿಗೆ ಹೋಗಲೇಬೇಕಾ ಅಂತ ಕೇಳಿದ್ದೀರಿ. ಹೆಸರಾಂತ ಡ್ರಮ್ಸ್ ವಾದಕ ಶಿವಮಣಿಯವರ ಥರ ನುಡಿಸಬೇಕು ಅಂತಲೂ ಬರೆದಿದ್ದೀರಿ.

ಮನೆ ನಡೆಯುತ್ತೆ. ನಾನು ಬಳ್ಳಾರಿ ಕೌಲ್‌ಬಜಾರ್‌ನವನು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ, ಬೇರೆ ಸಂಬಳ ಇಲ್ಲ. ಆದರೆ ದುಡ್ಡು ಕೊಡುವವರು ಯಾವುದಕ್ಕೆ ಕೊಡುತ್ತಾರೆ ಅನ್ನೋದು ನನಗೆ ಅರ್ಥವಾಗೋಕೆ ಏಳೆಂಟು ವರ್ಷ ಬೇಕಾಯಿತು. ನಿಮಗೆ ಅಷ್ಟು ದಿನ ಹಿಡಿಯದಿರಲಿ ಅಂತ ಸ್ವಲ್ಪ ಉದ್ದವೇ ಬರೆಯುತ್ತಿದ್ದೇನೆ.

ನಾನು ಶುರು ಮಾಡಿದ್ದು ಮದುವೆ ಬ್ಯಾಂಡ್‌ಸೆಟ್‌ನಲ್ಲಿ. ಆಗ ನನಗೆ ಹದಿನಾಲ್ಕು. ಹೆಗಲಿಗೆ ಬೆಲ್ಟ್ ಹಾಕಿಕೊಂಡು ಸೈಡ್ ಡ್ರಮ್ ಬಾರಿಸುತ್ತಿದ್ದೆ. ಬಳ್ಳಾರಿ ಬಿಸಿಲು ಗೊತ್ತಲ್ವಾ, ಏಪ್ರಿಲ್‌ನಲ್ಲಿ ಟಾರ್ ರಸ್ತೆ ಮೇಲೆ ಮದುಮಗನ ಕುದುರೆ ಮುಂದೆ ನಡೀತಾ ಬಾರಿಸಬೇಕು. ಬೆಲ್ಟ್ ಉಜ್ಜಿ ಹೆಗಲ ಚರ್ಮ ಏಳುತ್ತಿತ್ತು. ಆದರೆ ಆ ಸೈಡ್ ಡ್ರಮ್ ನನಗೆ ಕೊಟ್ಟಷ್ಟು ವಿದ್ಯೆ ಇನ್ಯಾವುದೂ ಕೊಟ್ಟಿಲ್ಲ. ಡ್ರಮ್ ಸೆಟ್‌ನ ಸ್ನೇರ್ ಅಂದರೆ ಅದೇ ಸೈಡ್ ಡ್ರಮ್. ಬ್ಯಾಂಡ್‌ನಲ್ಲಿ ದೊಡ್ಡ ಡ್ರಮ್ ಒಬ್ಬರು, ಸೈಡ್ ಡ್ರಮ್ ಒಬ್ಬರು, ಝಾಂಜ್ (ಸಿಂಬಲ್) ಒಬ್ಬರು ಹಿಡಿಯುತ್ತಾರೆ. ಈ ಮೂವರ ಕೆಲಸವನ್ನು ಒಬ್ಬರೇ ಕೂತು ಮಾಡುವುದೇ ಡ್ರಮ್ ಸೆಟ್. ಅಮೆರಿಕದ ಲುಡ್ವಿಗ್ ಅಣ್ಣತಮ್ಮಂದಿರು 1909ರಲ್ಲಿ ಕಾಲಲ್ಲಿ ಒತ್ತುವ ಪೆಡಲ್ ಮಾಡಿ ಮಾರೋಕೆ ಶುರು ಮಾಡಿದ ಮೇಲೆ ಇದು ಎಲ್ಲರ ಕೈಗೂ ಬಂತು. ನಿಮ್ಮ ಊರಲ್ಲಿ ಒಳ್ಳೆ ಬ್ಯಾಂಡ್‌ಸೆಟ್ ಇದ್ದರೆ ಒಂದು ಮದುವೆ ಸೀಸನ್ ಅವರ ಜೊತೆ ನಡೆಯಿರಿ. ಏಟಿನ ಮೇಲೆ ಏಟು ಬಿಡದೆ ಬೀಳುವ ರೋಲ್ ಹೇಗೆ ಬಾರಿಸಬೇಕು ಅನ್ನೋದು ಮಣಿಕಟ್ಟಿಗೆ ತಾನಾಗಿ ಬರುತ್ತೆ.

ಇಪ್ಪತ್ತನೇ ವಯಸ್ಸಿಗೆ ಆರ್ಕೆಸ್ಟ್ರಾ ಸೇರಿದೆ. ಜಾತ್ರೆ, ಗಣೇಶ ಹಬ್ಬ, ರಾಜ್ಯೋತ್ಸವ. ಮೊದಲ ರಾತ್ರಿಗೆ 300 ರೂಪಾಯಿ ಕೊಟ್ಟರು. ಸ್ಟೇಜ್ ಅಂದರೆ ಎರಡು ಟ್ರ್ಯಾಕ್ಟರ್ ಟ್ರೇಲರ್ ಜೋಡಿಸಿ, ಮೇಲೆ ಹಲಗೆ ಹಾಸಿರುತ್ತಾರೆ. ನೀವು ಒದ್ದಂತೆಲ್ಲ ಕಿಕ್ ಡ್ರಮ್ ಮುಂದಕ್ಕೆ ಜಾರುತ್ತೆ. ಮೂರನೇ ಹಾಡಿನ ಹೊತ್ತಿಗೆ ಕಾಲು ಪೂರ್ತಿ ಚಾಚಿ ಕೂತಿರುತ್ತೀರಿ. ಅದಕ್ಕೇ ನಾನು ಒಂದು ಹಳೇ ಜಮಖಾನ ಸದಾ ಜೊತೆಗೆ ಒಯ್ಯುತ್ತೇನೆ. ಯಾವ ಸ್ಟ್ಯಾಂಡ್‌ನ ಕಾಲು ಎಲ್ಲಿ ಬರಬೇಕು ಅಂತ ಅದರ ಮೇಲೆ ಬಿಳಿ ಟೇಪ್ ಅಂಟಿಸಿದ್ದೇನೆ. ಜಮಖಾನ ಹಾಸಿ, ಟೇಪ್ ನೋಡಿ ಇಟ್ಟರೆ ಹತ್ತು ನಿಮಿಷದಲ್ಲಿ ಸೆಟ್ ರೆಡಿ. ಯಾವ ಊರಿಗೆ ಹೋದರೂ ಕೈಗೆ ಎಲ್ಲವೂ ಅದೇ ಜಾಗದಲ್ಲಿ ಸಿಗುತ್ತೆ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ.

ಆರ್ಕೆಸ್ಟ್ರಾದಲ್ಲಿ ನನಗೆ ಒಳ್ಳೆ ಹೆಸರಿತ್ತು. ಆ ಹೆಸರು ನಂಬಿ ಬೆಂಗಳೂರಿನ ಒಂದು ಸ್ಟುಡಿಯೋಗೆ ಕರೆದರು. ಭಕ್ತಿಗೀತೆಯ ಆಲ್ಬಂ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಕೂತು ಬೆಳಿಗ್ಗೆ ಇಳಿದೆ. ತಲೆಗೆ ಹೆಡ್‌ಫೋನ್ ಹಾಕಿದರು. ಕಿವಿಯಲ್ಲಿ ಕ್ಲಿಕ್, ಅಂದರೆ ಲಯ ಹಿಡಿಯೋಕೆ ಹಾಕುವ ಟಿಕ್ ಸದ್ದು, ಶುರುವಾಯಿತು. ಟಿಕ್, ಟಿಕ್, ಟಿಕ್, ನಿಮಿಷಕ್ಕೆ 92. ಸುಲಭದ ಹಾಡು. ಕಣ್ಣು ಮುಚ್ಚಿ ನುಡಿಸುವಂಥದ್ದು. ನಾನು ನುಡಿಸಿದೆ. ಇನ್ನೊಂದು ಟೇಕ್ ಅಂದರು. ಮತ್ತೆ ಇನ್ನೊಂದು ಅಂದರು. ಹನ್ನೊಂದು ಟೇಕ್ ಆಯಿತು.

ಆಮೇಲೆ ಇಂಜಿನಿಯರ್ ನನ್ನನ್ನು ಒಳಗೆ ಕರೆದು ಸ್ಕ್ರೀನ್ ತೋರಿಸಿದರು. ಕ್ಲಿಕ್ ಎಲ್ಲಿ ಬರುತ್ತೋ ಅಲ್ಲಿ ಒಂದು ಉದ್ದ ಗೆರೆ. ನನ್ನ ಸ್ನೇರ್ ಏಟು ಆ ಗೆರೆಗಿಂತ ಸ್ವಲ್ಪ ಮುಂಚೆ ಎದ್ದು ನಿಂತಿತ್ತು. ಒಂದು ಸಲವಲ್ಲ, ಪ್ರತಿ ಸಲ. ಇಪ್ಪತ್ತು, ಇಪ್ಪತ್ತೈದು ಮಿಲಿಸೆಕೆಂಡ್. ಪಲ್ಲವಿಯಿಂದ ಚರಣಕ್ಕೆ ಹೋಗುವಾಗ ಒಂದು ರೋಲ್ ಕೊಡುತ್ತಿದ್ದೆ. ಅಲ್ಲಂತೂ ಇನ್ನೂ ಮುಂದೆ. ಕೇಳಿದರೆ ತಪ್ಪು ಅಂತ ಅನಿಸಲ್ಲ. ಆದರೆ ಹಾಡುವವರನ್ನು ಯಾರೋ ಹಿಂದಿನಿಂದ ತಳ್ಳುತ್ತಿರುವ ಹಾಗೆ ಇತ್ತು. ಸ್ಟುಡಿಯೋದವರು ಬೈಯಲಿಲ್ಲ. ಆ ದಿನದ ದುಡ್ಡು ಪೂರ್ತಿ ಕೊಟ್ಟರು. ಮೂರು ತಿಂಗಳಾದ ಮೇಲೆ ಆಲ್ಬಂ ಬಂತು. ಕೇಳಿದೆ. ಅದರಲ್ಲಿ ನನ್ನ ಡ್ರಮ್ಸ್ ಇರಲಿಲ್ಲ. ಕಂಪ್ಯೂಟರ್‌ನಲ್ಲಿ ಹಾಕಿದ ಡ್ರಮ್ಸ್ ಇತ್ತು. ನನಗೆ ಎರಡು ದಿನ ಊಟ ಸೇರಲಿಲ್ಲ.

ತಪ್ಪು ಎಲ್ಲಿಂದ ಬಂತು ಅಂತ ಯೋಚಿಸಿದೆ. ಜಾತ್ರೆಯಿಂದಲೇ ಬಂದಿತ್ತು. ಜಾತ್ರೆಯಲ್ಲಿ ಜನ ಸೀಟಿ ಹೊಡೀತಾರೆ, ಕುಣೀತಾರೆ, ನಮಗೂ ಹುರುಪು ಬರುತ್ತೆ. 96ಕ್ಕೆ ಶುರುವಾದ ಹಾಡು ಮುಗಿಯುವಾಗ 108ಕ್ಕೆ ಹೋಗಿರುತ್ತೆ. ಬಯಲಲ್ಲಿ ಅದು ಚೆನ್ನಾಗಿಯೇ ಇರುತ್ತೆ, ಯಾರೂ ಕೇಳಲ್ಲ. ಆದರೆ ಕೈಗೆ ಅದೇ ಅಭ್ಯಾಸ ಆಗಿಬಿಡುತ್ತೆ.

ಆಮೇಲೆ ಆರು ತಿಂಗಳು ದಿನಾ ಒಂದೇ ಕೆಲಸ ಮಾಡಿದೆ. ಆ ಟಿಕ್ ಸದ್ದು ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಪ್ರಾಕ್ಟೀಸ್ ಪ್ಯಾಡ್ ಮೇಲೆ ಸಿಂಗಲ್ ಸ್ಟ್ರೋಕ್, ಡಬಲ್ ಸ್ಟ್ರೋಕ್, ಎರಡನ್ನೂ ಬೆರೆಸಿದ ಪ್ಯಾರಾಡಿಡಲ್. ನಾಲ್ಕು ಟಿಕ್ ಸೇರಿದರೆ ಒಂದು ಬಾರ್. ಆಮೇಲೆ ಮೂರು ಬಾರ್ ಕ್ಲಿಕ್, ಒಂದು ಬಾರ್ ನಿಶ್ಶಬ್ದ. ಆ ಖಾಲಿ ಬಾರ್ ಆದ ಮೇಲೆ ಕ್ಲಿಕ್ ಮತ್ತೆ ಬಂದಾಗ ನಿಮ್ಮ ಏಟು ಅದರ ಮೇಲೇ ಬೀಳಬೇಕು. ಆಮೇಲೆ ಎರಡು ಬಾರ್ ಖಾಲಿ. ಆಮೇಲೆ ನಾಲ್ಕು. 60ರಲ್ಲಿ ನಾಲ್ಕು ಬಾರ್ ಅಂದರೆ 16 ಸೆಕೆಂಡ್. ಸುಮ್ನೆ ಕೂತು ಎಣಿಸಿ ನೋಡಿ, ಎಷ್ಟು ಉದ್ದ ಅಂತ ಗೊತ್ತಾಗುತ್ತೆ. ನಿಧಾನವಾಗಿ ನುಡಿಸುವುದೇ ಕಷ್ಟ. ವೇಗವಾಗಿ ನುಡಿಸುವಾಗ ಎರಡು ಏಟಿನ ನಡುವೆ ಜಾಗವೇ ಇರಲ್ಲ, ತಪ್ಪು ಕಾಣಿಸಲ್ಲ.

ಎರಡನೇ ಸಲ ಸ್ಟುಡಿಯೋಗೆ ಕರೆಯೋಕೆ ಒಂದೂವರೆ ವರ್ಷ ಹಿಡಿಯಿತು. ಆ ಸಲ ಎರಡನೇ ಟೇಕ್‌ಗೇ ಮುಗಿಯಿತು. ನಾನು ನುಡಿಸಿದ್ದು ತುಂಬಾ ಕಮ್ಮಿ. ಹಾಡಿದವರು ಹೊರಗೆ ಬಂದು, "ನಿಮ್ಮ ಮೇಲೆ ಒರಗಿಕೊಂಡು ಹಾಡಿದ ಹಾಗಿತ್ತು" ಅಂದರು. ಅವತ್ತು ನನಗೆ ಈ ಕೆಲಸ ಏನು ಅಂತ ಗೊತ್ತಾಯಿತು. ಕೈ ಎಷ್ಟು ವೇಗ ಅನ್ನೋದಕ್ಕೆ ಯಾರೂ ದುಡ್ಡು ಕೊಡಲ್ಲ. ಒರಗಿಕೊಳ್ಳೋಕೆ ಕೊಡುತ್ತಾರೆ.

ಶಿವಮಣಿಯವರ ವಿಷಯಕ್ಕೆ ಬಂದರೆ, ನನಗೂ ಅವರೆಂದರೆ ಪ್ರಾಣ. ಅವರ ತಂದೆಯೂ ತಾಳವಾದ್ಯದವರೇ. ಶಿವಮಣಿಯವರಿಗೆ 2019ರಲ್ಲಿ ಪದ್ಮಶ್ರೀ ಬಂತು. ನಾವು ವಿಡಿಯೋದಲ್ಲಿ ನೋಡುವುದು ಅವರ ಹತ್ತು ನಿಮಿಷದ ಸೋಲೋ. ಅದರ ಹಿಂದೆ ಚೆನ್ನೈ ಸ್ಟುಡಿಯೋಗಳಲ್ಲಿ ಹಾಡುಗಳ ಹಿಂದೆ ಕೂತು ನುಡಿಸಿದ ದಶಕಗಳಿವೆ. ಹಾಗೇ ಅಮೆರಿಕದ ಹಾಲ್ ಬ್ಲೇನ್ ಅಂತ ಒಬ್ಬರಿದ್ದರು. 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಎಷ್ಟೋ ಹಿಟ್ ಹಾಡುಗಳಿಗೆ ಅವರೇ ಡ್ರಮ್ಸ್. ಆಗಿನ ರೆಕಾರ್ಡ್‌ಗಳ ಮೇಲೆ ಇಂಥವರ ಹೆಸರು ಹಾಕುತ್ತಿದ್ದುದೇ ಅಪರೂಪ. 2000ದಲ್ಲಿ, ರಾಕ್ ಸಂಗೀತಗಾರರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನವರು ಜೊತೆವಾದಕರಿಗೆ ಅಂತಲೇ ಒಂದು ವಿಭಾಗ ಮಾಡಿ ಅವರನ್ನು ಸೇರಿಸಿಕೊಂಡರು. ಇವರಿಬ್ಬರ ಹಾಡುಗಳನ್ನು ಕೇಳುವಾಗ ಡ್ರಮ್ಸ್ ಎಲ್ಲೆಲ್ಲಿ ಸುಮ್ಮನಿದೆ ಅಂತ ಗಮನಿಸಿ.

ಇನ್ನು ದುಡ್ಡಿನ ಮಾತು. ನನ್ನ ಲೆಕ್ಕ ಹೇಳುತ್ತೇನೆ, ಎಲ್ಲರದ್ದೂ ಇದೇ ಅಂತಲ್ಲ. ಆರ್ಕೆಸ್ಟ್ರಾ ರಾತ್ರಿಗೆ ಈಗ 3,000 ಸಿಗುತ್ತೆ. ಹೆಸರಿರುವ ಗಾಯಕರ ಜೊತೆ ಟೂರ್ ಹೋದರೆ ಒಂದು ಶೋಗೆ 8,000ದಿಂದ 10,000. ಊಟ, ವಸತಿ, ಓಡಾಟ ಅವರದ್ದೇ. ಸ್ಟುಡಿಯೋ ಕೆಲಸಕ್ಕೆ ಒಂದೇ ಸಲ ಪೇಮೆಂಟ್, ಹಾಡು ಎಷ್ಟೇ ಓಡಿದರೂ ಮತ್ತೆ ಏನೂ ಬರಲ್ಲ. ಸ್ಟುಡಿಯೋ ಕೆಲಸ ಕಮ್ಮಿಯಾಗಿದೆ, ಇದನ್ನು ಮುಚ್ಚಿಡಲ್ಲ. ತುಂಬಾ ಹಾಡುಗಳ ಡ್ರಮ್ಸ್ ಲ್ಯಾಪ್‌ಟಾಪ್‌ನಲ್ಲೇ ಮುಗಿಯುತ್ತೆ. ನನ್ನ ದುಡಿಮೆಯಲ್ಲಿ ಹತ್ತರಲ್ಲಿ ಒಂದು ಪಾಲು ಸ್ಟುಡಿಯೋದ್ದು, ಅಷ್ಟೇ.

ಸೀಸನ್ ಇರುವ ಕೆಲಸ ಇದು. ಕೊಪ್ಪಳದ ಗವಿಮಠದ ಜಾತ್ರೆ ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತೆ. ಅಲ್ಲಿಂದ ಕುರುಗೋಡು, ಕನಕಗಿರಿ, ಹುಲಿಗಿ ಅಂತ ಒಂದರ ಹಿಂದೆ ಒಂದು ಜಾತ್ರೆ. ಅದರ ಜೊತೆಗೇ ಮದುವೆ. ಆಷಾಢ ಬಂದರೆ ಎಲ್ಲಾ ನಿಂತುಹೋಗುತ್ತೆ. ನನ್ನ ಡೈರಿಯಲ್ಲಿ ಕೆಲವು ವರ್ಷ ಆಷಾಢದಲ್ಲಿ ಎರಡೇ ಪ್ರೋಗ್ರಾಂ ಇವೆ. ಇನ್ನೊಂದು, ನಿಮಗೆ ಗೊತ್ತೇ ಇರುತ್ತೆ. ತುಂಗಭದ್ರಾ ಡ್ಯಾಂ ತುಂಬಿ ಕಾಲುವೆಗೆ ನೀರು ಬಂದ ವರ್ಷ ಗಂಗಾವತಿ, ಕಾರಟಗಿ, ಸಿರುಗುಪ್ಪ ಕಡೆಯಿಂದ ಫೋನ್ ಜಾಸ್ತಿ. ಭತ್ತ ಬಂದರೆ ಜಾತ್ರೆಗೆ ಆರ್ಕೆಸ್ಟ್ರಾ. ಹಾಗಾಗಿ ಮೇ ತಿಂಗಳ ದುಡ್ಡಿನಲ್ಲಿ ಆಗಸ್ಟ್‌ವರೆಗೆ ತಿನ್ನೋದನ್ನು ಈಗಿನಿಂದಲೇ ಕಲಿಯಿರಿ.

ಪೇಮೆಂಟ್ ವಿಷಯದಲ್ಲಿ ನನಗೆ ಒಂದು ಕಹಿ ಇದೆ. ಒಂದು ಊರಲ್ಲಿ ಭಾಷಣ, ಸನ್ಮಾನ ಎಲ್ಲಾ ಮುಗಿದು ನಮಗೆ ಸ್ಟೇಜ್ ಸಿಕ್ಕಾಗ ರಾತ್ರಿ ಹತ್ತಾಗಿತ್ತು. ನಾಲ್ಕೇ ಹಾಡಿಗೆ ಪೊಲೀಸರು ಬಂದು ನಿಲ್ಲಿಸಿದರು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಹಾಕುವ ಹಾಗಿಲ್ಲ. ಹಬ್ಬಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ಕಾರ್ಯಕ್ರಮ ಇಟ್ಟವರು ಅದನ್ನೆಲ್ಲ ನೋಡಿಕೊಂಡಿರಲಿಲ್ಲ. ನಾಲ್ಕೇ ಹಾಡು ಅಂತ ಅರ್ಧ ದುಡ್ಡು ಕೊಟ್ಟು ಕಳಿಸಿದರು. ನಾವು ಐದು ಗಂಟೆಯಿಂದ ಅಲ್ಲೇ ಕೂತಿದ್ದೆವು. ಅಲ್ಲಿಂದ ಮುಂದೆ ನಾನು ಅರ್ಧ ಅಡ್ವಾನ್ಸ್ ಇಲ್ಲದೆ ತಾರೀಖು ಕೊಡಲ್ಲ. ಪ್ರೋಗ್ರಾಂ ಯಾವ ಕಾರಣಕ್ಕೆ ನಿಂತರೂ ಪೂರ್ತಿ ಪೇಮೆಂಟ್ ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳುತ್ತೇನೆ. ನೀವೂ ಹಾಗೇ ಮಾಡಿ. ಕೇಳೋಕೆ ನಾಚಿಕೆ ಬೇಡ.

ಕಿವಿ. ದಯವಿಟ್ಟು ಈ ಪ್ಯಾರಾ ಎರಡು ಸಲ ಓದಿ. ನನ್ನ ಎಡಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಒಂದು ಸದ್ದು ಹಗಲು ರಾತ್ರಿ ಇರುತ್ತೆ. ಹೈಹ್ಯಾಟ್, ಅಂದರೆ ಒಂದರ ಮೇಲೊಂದು ಇರುವ ಜೋಡಿ ಸಿಂಬಲ್, ಇರುವುದು ಎಡಗಡೆಯೇ. 85 ಡೆಸಿಬಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು ಅಂತ ಲೆಕ್ಕ. ಅಲ್ಲಿಂದ ಪ್ರತಿ ಮೂರು ಡೆಸಿಬಲ್‌ಗೆ ಆ ಹೊತ್ತು ಅರ್ಧ ಆಗುತ್ತೆ. 100 ಡೆಸಿಬಲ್‌ಗೆ ಹದಿನೈದೇ ನಿಮಿಷ. ಡ್ರಮ್ಸ್ ಜೋರಾಗಿ ನುಡಿಸಿದರೆ 100 ದಾಟುವುದು ದೊಡ್ಡ ಮಾತಲ್ಲ. ನಾವು ನುಡಿಸುವುದು ಮೂರು ಗಂಟೆ. ಡ್ರಮ್ಸ್ ತಗೊಳ್ಳುವ ಮುಂಚೆ ಸಂಗೀತಗಾರರ ಇಯರ್‌ಪ್ಲಗ್ ತಗೊಳ್ಳಿ. ನನಗೆ ಯಾರೂ ಹೇಳಲಿಲ್ಲ. ಹೋದ ಕಿವಿ ವಾಪಸ್ ಬರಲ್ಲ.

ಬೆಂಗಳೂರಿಗೆ ಹೋಗಬೇಕಾ? ಈಗಲೇ ಬೇಡ. ಟೂರ್‌ಗೆ ಕರೆಯುವವರು ಹಂಪಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿ ಕರೆಯುತ್ತಾರೆ. ಸೆಟ್ ಅಲ್ಲೇ ಬಾಡಿಗೆಗೆ ಸಿಗುತ್ತೆ. ನಾನು ಒಯ್ಯುವುದು ನನ್ನ ಸ್ನೇರ್, ಪೆಡಲ್, ಸಿಂಬಲ್‌ಗಳು, ಕಡ್ಡಿ, ಆ ಜಮಖಾನ. ನಮ್ಮ ಕಡೆ ಇರುವುದರಲ್ಲಿ ಒಂದು ಲಾಭವೂ ಇದೆ. ಬಳ್ಳಾರಿಯಿಂದ ಒಂದು ಗಂಟೆ ಹೋದರೆ ಆಂಧ್ರ. ಗುಂತಕಲ್, ಆದೋನಿ ಕಡೆ ತೆಲುಗು ಹಾಡಿಗೆ ನುಡಿಸಬೇಕು, ರಾಯಚೂರು ಕಡೆ ಕುಣಿಯೋಕೆ ತೀನ್‌ಮಾರ್ ಏಟು ಕೇಳುತ್ತಾರೆ, ಕೊಪ್ಪಳದ ಹಳ್ಳಿಯಲ್ಲಿ ಡೊಳ್ಳು, ಹಲಗೆ ಏಟು ಬೇಕು. ಮೂರೂ ಬಂದವರಿಗೆ ಕೆಲಸ ತಪ್ಪಲ್ಲ. ಕಡ್ಡಿಯಲ್ಲಿ ಬಾರಿಸುವ ಎಲೆಕ್ಟ್ರಾನಿಕ್ ರಿದಮ್ ಪ್ಯಾಡ್ ಕೂಡ ಕಲಿಯಿರಿ. ನಮ್ಮ ಆರ್ಕೆಸ್ಟ್ರಾಗಳಲ್ಲಿ ಪೂರ್ತಿ ಸೆಟ್‌ಗಿಂತ ರೋಲ್ಯಾಂಡ್ ಕಂಪನಿಯ ಎಂಟು ಪ್ಯಾಡ್‌ನ ಪೆಟ್ಟಿಗೆಯೇ ಜಾಸ್ತಿ.

ಒಂದು ನೋಟ್‌ಬುಕ್ ಇಡಿ. ಪ್ರತಿ ಹಾಡಿಗೆ ಒಂದು ಪುಟ. ಎಷ್ಟು ಬಿಪಿಎಂ (ನಿಮಿಷಕ್ಕೆ ಎಷ್ಟು ಟಿಕ್), ಶುರುವಿಗೆ ಎಷ್ಟು ಬಾರ್, ಪಲ್ಲವಿ ಆದ ಮೇಲೆ ಮ್ಯೂಸಿಕ್ ಎಷ್ಟು, ಎಲ್ಲಿ ಫುಲ್ ಸ್ಟಾಪ್. ನನ್ನದರಲ್ಲಿ 640 ಹಾಡುಗಳಿವೆ. ಕೊನೇ ಗಳಿಗೆಯಲ್ಲಿ ಗಾಯಕರು ಹಾಡು ಬದಲಿಸಿದಾಗ ಉಳಿದವರು ಮುಖ ಮುಖ ನೋಡುತ್ತಾರೆ, ನೀವು ಪುಟ ತಿರುಗಿಸುತ್ತೀರಿ.

ಪರೀಕ್ಷೆ ಬರೆದು ಡಿಗ್ರಿ ಮುಗಿಸಿ. ಅಲ್ಲಿವರೆಗೆ ದಿನಾ ಒಂದು ಗಂಟೆ ಪ್ಯಾಡ್, 60ರಲ್ಲಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುತ್ತಾ. ಅವತ್ತೇ ಕೇಳಬೇಡಿ, ಎರಡು ದಿನ ಬಿಟ್ಟು ಕೇಳಿ. ಆಷಾಢ ಬಂದಾಗ ನಿಮ್ಮ ಕಡೆಯ ಒಳ್ಳೆ ಡ್ರಮ್ಮರ್ ಒಬ್ಬರನ್ನು ಹುಡುಕಿಕೊಂಡು ಹೋಗಿ ಕಲಿಸಿ ಅಂತ ಕೇಳಿ. ಆ ತಿಂಗಳು ನಾವೆಲ್ಲ ಮನೆಯಲ್ಲೇ ಇರುತ್ತೇವೆ.